ಪರಂಪರೆಯ ವಾರಸುದಾರರು ಯಾರು?

ಹಳೆಯದನ್ನು ಉಳಿಸಬೇಕು ಎಂಬ ಮಾತಿಗೆ ಇಂದು ಎದುರಾಡುವವರು ಇಲ್ಲವೆಂದೇ ಹೇಳಬೇಕು. ಅಜ್ಜಿಯ ಕಾಲದ ಮರದ ಪತ್ತಾಯ, ಕೈಯಿಂದ ಕಡೆದ ಕಂಬ, ಗುಮಟೆಯ ಹಾಡು, ಯಕ್ಷಗಾನ, ಕಂಬಳ ಇವೆಲ್ಲವೂ ‘ನಮ್ಮ ಪರಂಪರೆ’ ಎಂಬ ಒಂದೇ ಪದದೊಳಗೆ ಸೇರಿಕೊಂಡಿವೆ. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ವಿಧಾನಸಭೆಯವರೆಗೆ ಆ ಪದಕ್ಕೆ ಚಪ್ಪಾಳೆ ಬೀಳುತ್ತದೆ. ಆದರೆ ಪ್ರಿಯ ಓದುಗರೇ, ಆ ಪದದ ಅಡಿಯಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆ. ಉಳಿಸಬೇಕಾದುದು ಯಾವುದು, ಬಿಡಬೇಕಾದುದು ಯಾವುದು ಎಂದು ತೀರ್ಮಾನಿಸುವ ಅಧಿಕಾರ ಯಾರದು? ಅದನ್ನು ಬಾಳಿ ಬದುಕಿದವರದೋ, ದೂರದಿಂದ ನೋಡಿ ಸಂತೋಷಪಡುವ ನಮ್ಮದೋ?

ಈ ಪ್ರಶ್ನೆಗೆ ಮುಖಾಮುಖಿಯಾಗಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಮಣಿಪಾಲದಲ್ಲಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ನಿಮ್ಮಲ್ಲಿ ಹಲವರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿರಬಹುದು. ದಿವಂಗತ ವಿಜಯನಾಥ ಶೆಣೈ ಎಂಬ ಒಬ್ಬ ವ್ಯಕ್ತಿಯ ಹಠ ಅದನ್ನು ಕಟ್ಟಿತು. ಭೂಮಸೂದೆಯ ಅನಂತರ, ಕೂಡುಕುಟುಂಬಗಳು ಪಾಲಾದ ಅನಂತರ, ದೊಡ್ಡ ಮನೆಗಳನ್ನು ನಿಭಾಯಿಸಲಾರದೆ ಜನ ಅವನ್ನು ಕೆಡವಿ ಮರವನ್ನು ಮಾರತೊಡಗಿದ ಕಾಲವದು. ಶೆಣೈಯವರು ಅಂತಹ ಮನೆಗಳನ್ನು ಹುಡುಕಿ, ತೊಲೆ ತೊಲೆಯಾಗಿ ಬಿಚ್ಚಿಸಿ, ತುಂಡುಗಳಿಗೆ ಗುರುತು ಹಾಕಿಸಿ, ಲಾರಿಗಳಲ್ಲಿ ತರಿಸಿ, ಮತ್ತೆ ಇದ್ದಂತೆಯೇ ನಿಲ್ಲಿಸಿದರು. ಕಾರ್ಕಳ ಸಮೀಪದ ಮಿಯಾರಿನ ಮನೆ, ಕುಂಜೂರಿನ ಚೌಕಿಮನೆ, ಹರ್ಕೂರಿನ ಮನೆ, ಭಟ್ಕಳದ ನವಾಯತ ಮುಸ್ಲಿಮರ ಮನೆ, ಕುಕನೂರಿನ ಕಮಲ ಮಹಲು, ಮುಧೋಳದ ದರ್ಬಾರು ಹಜಾರ ಇವೆಲ್ಲ ಇಂದು ಒಂದೇ ಗುಡ್ಡದ ಮೇಲೆ ನೆರೆಹೊರೆಯವರಂತೆ ನಿಂತಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಅವರಿಲ್ಲದಿದ್ದರೆ ಈ ಮರಗಳಲ್ಲಿ ಹೆಚ್ಚಿನವು ಎಂದೋ ಸೌದೆಯಾಗುತ್ತಿದ್ದವು ಅಥವಾ ನಗರದ ಹೋಟೆಲುಗಳ ಬಾಗಿಲಾಗುತ್ತಿದ್ದವು.

ಈ ಗ್ರಾಮದಲ್ಲಿ ಊರಿಲ್ಲ, ಒಲೆಯ ಹೊಗೆಯಿಲ್ಲ, ಕೊಟ್ಟಿಗೆಯ ವಾಸನೆಯಿಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪ ಸುಳ್ಳಲ್ಲ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಈ ಮನೆಗಳು ತಮ್ಮ ಮೂಲಸ್ಥಾನದಲ್ಲಿದ್ದಾಗ ಊರಿನ ಎಷ್ಟು ಮಂದಿ ಅವುಗಳ ಚಾವಡಿಯನ್ನು ಹತ್ತಬಹುದಿತ್ತು? ಎಷ್ಟು ಮಂದಿ ಅಂಗಳದ ಅಂಚಿನಲ್ಲಿಯೇ ನಿಂತು ಕೂಗಿ ಕರೆಯಬೇಕಾಗಿತ್ತು? ಇಂದು ಟಿಕೇಟು ಪಡೆದ ಯಾರೇ ಆದರೂ ನಡುಮನೆಗೆ ಹೋಗುತ್ತಾರೆ. ಮನೆ ತನ್ನ ಊರನ್ನು ಬಿಟ್ಟು ಬಂದಾಗ ಆ ಊರಿನ ಮಡಿಮೈಲಿಗೆಯನ್ನೂ ಬಿಟ್ಟು ಬಂದಿತು. ವಸ್ತುಸಂಗ್ರಹಾಲಯ ಮಾಡುವ ಈ ಒಂದು ಉಪಕಾರವನ್ನು ಅದರ ಟೀಕಾಕಾರರು ಲೆಕ್ಕಕ್ಕೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಸಂಗತಿ. ಬಿಚ್ಚಿ ಸಾಗಿಸಲು ಬರುವುದು ಹೆಬ್ಬಲಸಿನ, ತೇಗದ ಮನೆ. ಸೊಪ್ಪು, ಬಿದಿರು, ಹುಲ್ಲಿನಿಂದ ಕಟ್ಟಿದ ಕೊರಗರ ಕೊಪ್ಪವನ್ನು ಹಾಗೆ ಬಿಚ್ಚಲಾಗುವುದಿಲ್ಲ. ಒಂದೆರಡು ಮಳೆಗಾಲ ಕಳೆದರೆ ಅದು ಮಣ್ಣಾಗುತ್ತದೆ. ಗಟ್ಟಿಯಾದ ವಸ್ತುಗಳನ್ನು ಹೊಂದಿದ್ದವರ ನೆನಪು ಗಟ್ಟಿಯಾಗಿ ಉಳಿಯುತ್ತದೆ. ಉಳಿದವರ ನೆನಪು ಅವರ ಮೈಯಲ್ಲಿ, ಕೈಕೆಲಸದಲ್ಲಿ, ಡೋಲಿನ ಪೆಟ್ಟಿನಲ್ಲಿ ಮಾತ್ರ ಇರುತ್ತದೆ. ನಮ್ಮ ಪ್ರಶ್ನೆ ಕಠಿಣವಾಗುವುದು ಅಲ್ಲಿಯೇ.

ಒಂದು ಕ್ಷಣ ನಿಮ್ಮನ್ನು ಬಹುದೂರಕ್ಕೆ, ಕೆನಡಾ ದೇಶದ ಆಲ್ಬರ್ಟಾ ಪ್ರಾಂತ್ಯಕ್ಕೆ ಕರೆದೊಯ್ಯುತ್ತೇನೆ. ಅಲ್ಲಿ ಫೋರ್ಟ್ ಮ್ಯಾಕ್ಲಿಯೋಡ್ ಎಂಬ ಪಟ್ಟಣದ ಸಮೀಪ, ಹುಲ್ಲುಗಾವಲಿನ ನಡುವೆ, ಒಂದು ಬಂಡೆಯ ಕಡಿಬೆಟ್ಟವಿದೆ. ಇಂಗ್ಲಿಷಿನಲ್ಲಿ ಅದರ ಹೆಸರು ಹೆಡ್ ಸ್ಮ್ಯಾಶ್ಡ್ ಇನ್ ಬಫಲೋ ಜಂಪ್. ‘ತಲೆಯೊಡೆದ ಜಾಗ’ ಎಂದರೆ ಸರಿಹೋದೀತು. ಬ್ಲ್ಯಾಕ್‌ಫುಟ್ ಎಂಬ ಮೂಲನಿವಾಸಿಗಳು ಹೆಚ್ಚುಕಡಿಮೆ 6,000 ವರ್ಷಗಳ ಕಾಲ ಅಲ್ಲಿ ಕಾಡುಕೋಣಗಳನ್ನು, ಅಂದರೆ ಬೈಸನ್‌ಗಳನ್ನು, ಬೇಟೆಯಾಡುತ್ತಿದ್ದರು. ಅವರಲ್ಲಿ ಕುದುರೆಯಿರಲಿಲ್ಲ, ಕೋವಿಯಿರಲಿಲ್ಲ. ಮೈಲುಗಟ್ಟಲೆ ಉದ್ದಕ್ಕೆ ಕಲ್ಲುಗುಪ್ಪೆಗಳನ್ನಿಟ್ಟು ದಾರಿ ಮಾಡುತ್ತಿದ್ದರು. ನುರಿತ ತರುಣರು ಬೈಸನ್ ಕರುವಿನ ಚರ್ಮವನ್ನೋ ತೋಳದ ಚರ್ಮವನ್ನೋ ಹೊದ್ದು, ತಾಯಿ ತಪ್ಪಿದ ಕರುವಿನಂತೆ ಕೂಗುತ್ತಾ, ಹಿಂಡನ್ನು ಮೆಲ್ಲಮೆಲ್ಲನೆ ಆ ದಾರಿಯೊಳಗೆ ಸೆಳೆಯುತ್ತಿದ್ದರು. ಕೊನೆಗೆ ಹಿಂಡು ಬೆದರಿ ಓಡಿ ಬಂಡೆಯ ಅಂಚಿನಿಂದ ಕೆಳಗೆ ಬೀಳುತ್ತಿತ್ತು. ಮಾಂಸ ಒಣಗಿಸಲು, ಚರ್ಮ ಹೊದೆಯಲು, ಎಲುಬು ಉಪಕರಣಕ್ಕೆ. ಆ ಪ್ರಾಣಿಯಿಂದಲೇ ಇಡೀ ಬದುಕು. ಬಂಡೆಯ ಬುಡದಲ್ಲಿ ಎಲುಬುಗಳ ರಾಶಿ ಹತ್ತು ಮೀಟರಿಗೂ ಹೆಚ್ಚು ಆಳಕ್ಕಿದೆ.

ಯುನೆಸ್ಕೊ 1981ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. 1987ರಲ್ಲಿ ಗುಡ್ಡದೊಳಗೆ ಹುದುಗಿದಂತೆ ಒಂದು ವಿವರಣಾ ಕೇಂದ್ರವನ್ನು ಕಟ್ಟಿದರು. ಬಂದವರಿಗೆ ವಿವರಿಸಿ ಹೇಳುವವರು ಬ್ಲ್ಯಾಕ್‌ಫುಟ್ ಜನರೇ. ತಮ್ಮ ಅಜ್ಜಂದಿರ ಕಥೆಯನ್ನು ತಮ್ಮ ಬಾಯಿಂದ ಹೇಳುತ್ತಾರೆ.

ಇಷ್ಟರಲ್ಲೇ ಕಥೆ ಮುಗಿದಿದ್ದರೆ ಅದು ಸುಂದರವಾಗಿರುತ್ತಿತ್ತು. ಆದರೆ ಉಳಿಸುವ ಕೆಲಸ ಬಂದದ್ದು ಅಳಿಸುವ ಕೆಲಸ ಮುಗಿದ ಮೇಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೋಟಿಗಟ್ಟಲೆ ಇದ್ದ ಬೈಸನ್‌ಗಳನ್ನು ವ್ಯಾಪಾರಕ್ಕಾಗಿ ಕೊಂದು ಕೊಂದು, ಆ ಶತಮಾನದ ಕೊನೆಯ ವೇಳೆಗೆ ಕೆಲವು ನೂರಕ್ಕೆ ಇಳಿಸಿಬಿಟ್ಟರು. 1877ರ ಒಪ್ಪಂದದಿಂದ ಬ್ಲ್ಯಾಕ್‌ಫುಟ್ ಜನರ ನೆಲ ಹೋಯಿತು. 1895ರ ಕಾನೂನು ತಿದ್ದುಪಡಿ ಮೂಲನಿವಾಸಿಗಳ ಅನೇಕ ಆರಾಧನಾ ವಿಧಿಗಳನ್ನು ಅಪರಾಧವೆಂದು ಕರೆಯಿತು. ಆ ನಿಷೇಧ ಹೋದದ್ದು 1951ರಲ್ಲಿ. ಅವರ ಮಕ್ಕಳನ್ನು ಮನೆಯಿಂದ ಬಿಡಿಸಿ ವಸತಿಶಾಲೆಗಳಿಗೆ ಒಯ್ದರು, ತಾಯ್ನುಡಿ ಆಡಿದರೆ ಶಿಕ್ಷಿಸಿದರು. ಆ ಶಾಲೆಗಳಲ್ಲಿ ಬಹುಪಾಲನ್ನು ನಡೆಸಿದವರು ಕ್ರೈಸ್ತ ಸಭೆಗಳು, ಅವುಗಳಲ್ಲಿ ಕಥೋಲಿಕ ಸಭೆಯೂ ಇತ್ತು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಆದರೂ ನಮ್ಮ ಪತ್ರಿಕೆಯಲ್ಲಿಯೇ ಇದನ್ನು ಬರೆಯದಿದ್ದರೆ ಮತ್ತೆಲ್ಲಿ? ಜಗದ್ಗುರು ಫ್ರಾನ್ಸಿಸ್‌ರವರು 2022ರ ಜುಲೈ 25ರಂದು ಅದೇ ಆಲ್ಬರ್ಟಾದ ಮಾಸ್ಕ್‌ವಾಸಿಸ್ ಎಂಬಲ್ಲಿಗೆ ಗಾಲಿಕುರ್ಚಿಯಲ್ಲಿ ಹೋಗಿ ಮೂಲನಿವಾಸಿಗಳ ಮುಂದೆ ಕ್ಷಮೆ ಯಾಚಿಸಿದರು.

ಆ ಕಾಲದಲ್ಲಿ ಆ ಜನರ ಪವಿತ್ರ ವಸ್ತುಗಳು ಒಂದೊಂದಾಗಿ ಅವರ ಕೈಬಿಟ್ಟು ಹೋಗಿ ನಗರಗಳ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಬ್ಲ್ಯಾಕ್‌ಫುಟ್ ಜನರಲ್ಲಿ ‘ಪವಿತ್ರ ಕಟ್ಟು’ಗಳೆಂಬವು ಇವೆ. ಚರ್ಮದಲ್ಲಿ ಸುತ್ತಿಟ್ಟ ಕೆಲವು ವಸ್ತುಗಳ ಗಂಟು ಅದು. ಅವರ ಪಾಲಿಗೆ ಅದು ಜೀವವುಳ್ಳದ್ದು. ವಸಂತದ ಮೊದಲ ಗುಡುಗು ಕೇಳಿದಾಗ ಹಾಡು ಹೇಳುತ್ತಾ ಬಿಚ್ಚಬೇಕಾದ ಗಂಟುಗಳೂ ಅವುಗಳಲ್ಲಿವೆ. ಗಾಜಿನ ಪೆಟ್ಟಿಗೆಯಲ್ಲಿ ಅದು ಧೂಳು ಹಿಡಿಯದೆ, ಹುಳ ತಿನ್ನದೆ ಸುರಕ್ಷಿತವಾಗಿತ್ತು. ಗುಡುಗು ಮಾತ್ರ ಅದಕ್ಕೆ ಕೇಳಿಸುತ್ತಿರಲಿಲ್ಲ. ನಮಗೆ ಇದು ವಿಚಿತ್ರವೆನಿಸಿದರೆ, ನಮ್ಮ ಚರ್ಚಿನ ಪರಮಪ್ರಸಾದದ ಪಾತ್ರೆಯನ್ನು ಯಾವುದೋ ದೇಶದ ಪ್ರದರ್ಶನಾಲಯದಲ್ಲಿ, ‘ಲೋಹದ ಪಾತ್ರೆ, ದಕ್ಷಿಣ ಭಾರತ’ ಎಂಬ ಚೀಟಿಯೊಂದಿಗೆ ಕಂಡಂತೆ ಊಹಿಸಿಕೊಳ್ಳಿ. ಪಾತ್ರೆ ಉಳಿದಿರುತ್ತದೆ. ಏನು ಉಳಿದಿಲ್ಲವೆಂದು ನಿಮಗೆ ಗೊತ್ತು.

2000ನೆಯ ಇಸವಿಯಲ್ಲಿ ಆಲ್ಬರ್ಟಾದ ಶಾಸನಸಭೆ ಒಂದು ಕಾನೂನು ಮಾಡಿತು. ಪ್ರಾಂತ್ಯದ ಸಂಗ್ರಹಗಳಲ್ಲಿರುವ ಪವಿತ್ರ ಆಚರಣೆಯ ವಸ್ತುಗಳನ್ನು ಮೂಲನಿವಾಸಿಗಳಿಗೆ ಹಿಂದಿರುಗಿಸುವ ಕಾನೂನು ಅದು. ಕ್ಯಾಲ್ಗರಿಯ ಗ್ಲೆನ್‌ಬೋ ಸಂಗ್ರಹಾಲಯದಲ್ಲಿದ್ದ ಕಟ್ಟುಗಳು ಬ್ಲ್ಯಾಕ್‌ಫುಟ್ ಜನರ ಕೈಗೆ ಮರಳಿದವು, ನಿಂತಿದ್ದ ಆಚರಣೆಗಳು ಮತ್ತೆ ನಡೆದವು.

ಅದೇ 2000ನೆಯ ಇಸವಿಯಲ್ಲಿ ನಮ್ಮ ಕರ್ನಾಟಕದ ಶಾಸನಸಭೆಯೂ ಒಂದು ಕಾನೂನು ಮಾಡಿತು. ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಅಧಿನಿಯಮ ಎಂದು ಅದರ ಹೆಸರು. ಕೊರಗರು ನಮ್ಮ ಕರಾವಳಿಯ ಅತ್ಯಂತ ಹಳೆಯ ನಿವಾಸಿಗಳಲ್ಲಿ ಸೇರಿದವರು. ಸ್ವಂತ ಭಾಷೆಯುಳ್ಳವರು. ಕಾಡಿನ ಬಳ್ಳಿ, ಬಿದಿರುಗಳಿಂದ ಬುಟ್ಟಿ ಹೆಣೆಯುವವರು. ಕರ್ನಾಟಕದಲ್ಲಿ ಕೇಂದ್ರ ಸರಕಾರ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿರುವ ಎರಡೇ ಸಮುದಾಯಗಳಲ್ಲಿ ಅವರದೊಂದು, ಇನ್ನೊಂದು ಜೇನುಕುರುಬರದು. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲಿ ಅವರ ಸಂಖ್ಯೆ ಹದಿನೈದು ಸಾವಿರವನ್ನೂ ಮುಟ್ಟಲಿಲ್ಲ. ಅವರಲ್ಲಿ ಬಹುಮಂದಿ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿಯೇ ಇರುವವರು. ಅಂದರೆ ನಮ್ಮ ನಮ್ಮ ಚರ್ಚುಗಳ ಗಡಿಯೊಳಗೇ.

ಅಜಲು ಎಂದರೇನೆಂದು ತರುಣ ಓದುಗರಿಗೆ ತಿಳಿಯದಿರಬಹುದು. ಊರಿನವರ ಕೆಡುಕನ್ನು ಕೊರಗನ ಮೈಮೇಲೆ ಹೊರಿಸಿ ಕಳುಹಿಸುವ ಪದ್ಧತಿ ಎಂದರೆ ಒಂದು ಮಟ್ಟಿಗೆ ಅರ್ಥವಾದೀತು. ಕೂದಲು, ಉಗುರುಗಳನ್ನು ಅನ್ನದಲ್ಲಿ ಬೆರೆಸಿ ಅವರಿಗೆ ತಿನ್ನಲು ಕೊಡುವುದು ಅದರಲ್ಲಿ ಒಂದು. ಕಂಬಳದ ಆರಂಭಕ್ಕೆ ಮುನ್ನ ಕೊರಗರನ್ನು ಕೋಣಗಳಂತೆ ಓಡಿಸುವುದು ಇನ್ನೊಂದು. ಇದು ನನ್ನ ವರ್ಣನೆಯಲ್ಲ, ಅಧಿನಿಯಮವೇ ಇವುಗಳನ್ನು ಹೆಸರಿಸಿ ಅಪರಾಧವೆಂದು ಸಾರಿದೆ.

ಈ ಎರಡು ಓಟಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿ. ಆಲ್ಬರ್ಟಾದ ಹುಲ್ಲುಗಾವಲಿನಲ್ಲಿ ಒಬ್ಬ ತರುಣ ಕರುವಿನ ಚರ್ಮ ಹೊದ್ದು ಓಡಿದ. ಊರೆಲ್ಲ ಅವನ ಜಾಣತನವನ್ನು ನಂಬಿ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಅವನು ಸೋತರೆ ಚಳಿಗಾಲಕ್ಕೆ ಅನ್ನವಿಲ್ಲ. ನಮ್ಮ ಕಂಬಳದ ಕೆಸರಿನಲ್ಲಿ ಇನ್ನೊಬ್ಬ ತರುಣ ಕೋಣನಂತೆ ಓಡಿದ. ಊರೆಲ್ಲ ನೋಡಿ ನಗುತ್ತಿತ್ತು. ಇಬ್ಬರೂ ಪ್ರಾಣಿಯ ಪಾತ್ರ ವಹಿಸಿದರು. ಎರಡೂ ಬಹಳ ಹಳೆಯ ಆಚರಣೆಗಳು. ಹಳೆಯದೆಂಬ ಕಾರಣಕ್ಕೆ ಉಳಿಸಬೇಕೆಂದರೆ ಎರಡನ್ನೂ ಉಳಿಸಬೇಕು. ಹಾಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಹಾಗಾದರೆ ‘ಹಳೆಯದು’ ಎಂಬುದು ಎಂದೂ ಸಾಕಷ್ಟು ಕಾರಣವಾಗಿರಲಿಲ್ಲವೆಂದು ಒಪ್ಪಿಕೊಂಡಂತಾಯಿತು.

ಇಲ್ಲಿ ಕಂಬಳದ ಬಗ್ಗೆ ಒಂದು ಮಾತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದ ಕಂಬಳಕ್ಕೂ ಸಂಕಟ ಬಂದಿತು. 2017ರಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. ಕೊನೆಗೆ 2023ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜ್ಯದ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಟಪಾಡಿ, ಮಿಯಾರುಗಳ ಗದ್ದೆಗಳಲ್ಲಿ ಜನ ಸಂತೋಷಪಟ್ಟರು. ನನಗೂ ಕಂಬಳದ ಮೇಲೆ ದ್ವೇಷವಿಲ್ಲ, ನೊಗ ಹಿಡಿದು ಓಡುವವನ ಮೈಕಟ್ಟು ಕಂಡರೆ ಯಾರಿಗಾದರೂ ಬೆರಗಾಗುತ್ತದೆ. ಆದರೆ ಆ ಒಂಬತ್ತು ವರ್ಷ ನಡೆದ ವಾದದಲ್ಲಿ ಕೋಣಗಳಿಗೆ ನೋವಾಗುತ್ತದೆಯೇ ಇಲ್ಲವೇ ಎಂಬ ಚರ್ಚೆ ನಡೆಯಿತು, ತುಳುನಾಡಿನ ಪರಂಪರೆಯ ಚರ್ಚೆ ನಡೆಯಿತು. ಕೋಣನಂತೆ ಓಡಿಸಲ್ಪಟ್ಟ ಮನುಷ್ಯರ ನೆನಪನ್ನು ಎತ್ತಿದವರು ಎಷ್ಟು ಮಂದಿ? ನಮ್ಮ ಪತ್ರಿಕೆಗಳನ್ನು ಓದುತ್ತಾ ಬಂದ ನನಗೆ ಅಂತಹ ದನಿ ಬಲು ಕ್ಷೀಣವಾಗಿ ಕೇಳಿಸಿತು.

ಪವಿತ್ರ ಗ್ರಂಥದಲ್ಲಿ ಈ ವಿಷಯಕ್ಕೆ ತಾಗುವ ಎರಡು ಪ್ರಸಂಗಗಳಿವೆ. ಒಂದು, ಅರಸರ ಮೊದಲ ಗ್ರಂಥದಲ್ಲಿ ಬರುವ ನಾಬೋತನ ದ್ರಾಕ್ಷಿತೋಟದ ಕಥೆ. ಅರಸ ಅಹಾಬನು ಆ ತೋಟವನ್ನು ಸುಮ್ಮನೆ ಕೇಳಲಿಲ್ಲ. ಅದಕ್ಕಿಂತ ಒಳ್ಳೆಯ ತೋಟವನ್ನಾಗಲಿ, ಬೆಳ್ಳಿಯ ಕ್ರಯವನ್ನಾಗಲಿ ಕೊಡುತ್ತೇನೆಂದ. ವ್ಯಾಪಾರದ ದೃಷ್ಟಿಯಿಂದ ಅದು ನ್ಯಾಯವಾದ ಮಾತೇ. ಆದರೂ ಪಿತ್ರಾರ್ಜಿತವನ್ನು ಕೊಡಲಾರೆನೆಂದು ನಾಬೋತ ಹೇಳಿದ, ಆ ಮಾತಿಗಾಗಿ ಪ್ರಾಣ ತೆತ್ತ. ಎರಡನೆಯದು, ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯ. ತಂದೆತಾಯಿಯರಿಗೆ ಸಲ್ಲಬೇಕಾದುದನ್ನು ‘ಕೊರ್ಬಾನ್’ ಎಂದು ದೇವರ ಹೆಸರಿಗೆ ಬರೆದಿಟ್ಟು ಕೈತೊಳೆದುಕೊಳ್ಳುತ್ತಿದ್ದ ಧರ್ಮಶಾಸ್ತ್ರಿಗಳನ್ನು ಪ್ರಭು ಯೇಸು ಗದರುತ್ತಾರೆ. ಅವರೂ ಹಿರಿಯರ ಸಂಪ್ರದಾಯವನ್ನೇ ಕಾಪಾಡುತ್ತಿದ್ದವರು. ಒಂದೇ ಪವಿತ್ರ ಗ್ರಂಥ ಹಿರಿಯರಿಂದ ಬಂದುದನ್ನು ಒಮ್ಮೆ ಪ್ರಾಣಕೊಟ್ಟು ಕಾಯುವವನ ಪಕ್ಷ ವಹಿಸುತ್ತದೆ, ಇನ್ನೊಮ್ಮೆ ಹಿರಿಯರಿಂದ ಬಂದುದನ್ನು ಮುರಿಯುವವರ ಪಕ್ಷ ವಹಿಸುತ್ತದೆ. ವಿರೋಧಾಭಾಸವೆನ್ನಬೇಡಿ. ನಾಬೋತ ಕಾದುಕೊಂಡದ್ದು ತನ್ನದನ್ನು, ತನ್ನ ಮೈಯನ್ನು ಅಡ್ಡವಿಟ್ಟು. ಕೊರ್ಬಾನಿನ ಪಂಡಿತರು ಕಾದ ಸಂಪ್ರದಾಯದ ಬೆಲೆಯನ್ನು ತೆತ್ತವರು ಬೇರೆಯವರು; ಮೂಲೆಯಲ್ಲಿ ಕುಳಿತ ಮುದುಕ ತಂದೆ, ಮುದುಕಿ ತಾಯಿ.

ಹಾಗಾದರೆ ಕೇಳಬೇಕಾದುದು, ಈ ಆಚರಣೆಯ ಬೆಲೆಯನ್ನು ತೆರುವವರು ಯಾರು, ಅದನ್ನು ಹೊಗಳುವವರು ಯಾರು ಎಂಬುದನ್ನು. ಇಬ್ಬರೂ ಒಬ್ಬರೇ ಆಗಿದ್ದರೆ ಬೇರೆಯವರಿಗೆ ಅಲ್ಲಿ ಕೆಲಸವಿಲ್ಲ. ಬೇರೆ ಬೇರೆಯಾಗಿದ್ದರೆ ಹೊಗಳಿಕೆಯನ್ನು ಸಂಶಯದಿಂದ ನೋಡಬೇಕು.

‘ಆದರೆ ಕೊರಗರೇ ಒಪ್ಪಿಕೊಂಡಿದ್ದರಲ್ಲ, ತಾವಾಗಿಯೇ ಬರುತ್ತಿದ್ದರಲ್ಲ’ ಎಂಬ ಉತ್ತರವನ್ನು ಹಿರಿಯರ ಬಾಯಲ್ಲಿ ಕೇಳುತ್ತೇವೆ. ಇದನ್ನು ಹಗುರವಾಗಿ ತಳ್ಳಿಬಿಡುವಂತಿಲ್ಲ. ಒಪ್ಪಿಗೆ ಎಂಬುದು ನೀತಿಶಾಸ್ತ್ರದಲ್ಲಿ ದೊಡ್ಡ ಮಾತು. ಆದರೆ ಇಲ್ಲವೆನ್ನುವ ಸ್ವಾತಂತ್ರ್ಯವಿಲ್ಲದವನ ಹೌದು ಎಷ್ಟು ತೂಗುತ್ತದೆ? ಅಹಾಬನ ಮುಂದೆ ಇಲ್ಲವೆಂದ ನಾಬೋತನ ಗತಿ ಏನಾಯಿತೆಂದು ಊರಿಗೆಲ್ಲ ಗೊತ್ತಾದ ಮೇಲೆ, ಮುಂದೆ ಆ ಅರಸನಿಗೆ ತೋಟ ಮಾರಿದವರೆಲ್ಲ ‘ಸ್ವಇಚ್ಛೆಯಿಂದ’ ಮಾರಿದವರೇ ಆಗಿರುತ್ತಾರೆ! ಇದೇ ಪ್ರಶ್ನೆ ವ್ಯಾಟಿಕನ್ನಿನ ಬಾಗಿಲಿಗೂ ಬಂದಿತು. 1925ರಲ್ಲಿ ರೋಮಿನಲ್ಲಿ ನಡೆದ ಧರ್ಮಪ್ರಚಾರದ ಪ್ರದರ್ಶನಕ್ಕೆ ಜಗತ್ತಿನ ಮೂಲೆಮೂಲೆಗಳಿಂದ ಮೂಲನಿವಾಸಿಗಳ ವಸ್ತುಗಳನ್ನು ಕಳುಹಿಸಲಾಗಿತ್ತು. ಅವು ಜಗದ್ಗುರುಗಳಿಗೆ ಬಂದ ಕಾಣಿಕೆಗಳೆಂದು ಅಲ್ಲಿಯವರು ಬಹುಕಾಲ ಹೇಳುತ್ತಾ ಬಂದರು. ಆಚರಣೆಯೇ ಅಪರಾಧವಾಗಿದ್ದ ಕಾಲದಲ್ಲಿ ಕೊಟ್ಟದ್ದನ್ನು ಕಾಣಿಕೆ ಎನ್ನಬಹುದೇ ಎಂದು ಕೆನಡಾದ ಮೂಲನಿವಾಸಿಗಳು ಕೇಳಿದರು. 2025ರ ನವೆಂಬರಿನಲ್ಲಿ ಜಗದ್ಗುರು ಹದಿನಾಲ್ಕನೆಯ ಲಿಯೋರವರು ಅಂತಹ 62 ವಸ್ತುಗಳನ್ನು ಮೂಲನಿವಾಸಿಗಳಿಗೆ ತಲುಪಿಸಲೆಂದು ಕೆನಡಾದ ಧರ್ಮಾಧ್ಯಕ್ಷರ ಕೈಗೆ ಒಪ್ಪಿಸಿದರು. ನೂರು ವರ್ಷ ಹಿಡಿಯಿತು. ಆದರೂ ಹಿಂದಿರುಗಿಸುವುದರಿಂದ ಧರ್ಮಸಭೆ ಬಡವಾಗಲಿಲ್ಲ.

ಇನ್ನು ಡೋಲಿನ ವಿಷಯ. ಇದು ಸರಳವಾದುದಲ್ಲ, ಆದ್ದರಿಂದಲೇ ಸ್ವಲ್ಪ ನಿಂತು ಯೋಚಿಸಬೇಕು. ಕೊರಗರ ಡೋಲು ಅವರ ಸ್ವಂತ ವಾದ್ಯ. ಕೊಪ್ಪದ ಸಂಜೆಗಳಲ್ಲಿ ಅವರ ಸಂತೋಷಕ್ಕೆ, ಅವರ ಸಾವಿಗೆ ಮೊಳಗಿದ ವಾದ್ಯ. ಅದೇ ಡೋಲನ್ನು ಊರಿನವರ ಜಾತ್ರೆ, ಕಂಬಳಗಳಲ್ಲಿ, ಅಂಗಳದಾಚೆ ನಿಂತು, ಎಂಜಲಿನ ಕೂಲಿಗೆ ಬಾರಿಸಬೇಕಾಗಿತ್ತು. ಸಮುದಾಯ ಸಂಘಟಿತವಾದಾಗ ಅದರ ಮುಂದಾಳುಗಳು ಊರಿನ ಚಾಕರಿಗಾಗಿ ಡೋಲು ಬಾರಿಸಬಾರದೆಂದರು. ಜಾನಪದಪ್ರೇಮಿಗಳಿಗೆ ಇದು ದುಃಖ ತಂದಿತು, ಒಂದು ಕಲೆ ನಶಿಸುತ್ತದೆಯೆಂದು. ಆದರೆ ಆದದ್ದೇನು? 1993ರ ಆಗಸ್ಟ್ 18ರಂದು ಕೊರಗರು ಮಂಗಳೂರಿನಲ್ಲಿ ಭೂಮಿಗಾಗಿ ಮೆರವಣಿಗೆ ನಡೆಸಿದರು. ಆ ದಿನವನ್ನು ಅವರು ವರ್ಷವರ್ಷವೂ ಭೂಮಿ ಹಬ್ಬವೆಂದು ಆಚರಿಸುತ್ತಾರೆ. ಆ ಹಬ್ಬದಲ್ಲಿ ಡೋಲು ಮೊಳಗುತ್ತದೆ. ಬಾರಿಸುವ ಕೈ ಅದೇ, ಚರ್ಮ ಅದೇ, ತಾಳವೂ ಹಿಂದಿನದೇ. ಆದರೆ ಒಂದು ಕಡೆ ಬಾರಿಸುವುದನ್ನು ನಿಲ್ಲಿಸಿದವರೇ ಇನ್ನೊಂದು ಕಡೆ ಬಾರಿಸುತ್ತಿದ್ದಾರೆ. ಏನನ್ನು ಬಿಡಬೇಕು, ಏನನ್ನು ಹಿಡಿಯಬೇಕು ಎಂಬುದನ್ನು ಯಾವ ವಿಶ್ವವಿದ್ಯಾಲಯವೂ ಅವರಿಗೆ ಕಲಿಸಿಕೊಡಬೇಕಾಗಲಿಲ್ಲ.

ಅವಮಾನದ ನೆನಪನ್ನು ಏನು ಮಾಡಬೇಕು ಎಂಬ ಪ್ರಶ್ನೆ ಉಳಿದಿದೆ. ಅಜಲಿನಂತಹುದನ್ನು ಮರೆತುಬಿಡುವುದು ಒಳ್ಳೆಯದೆಂದು ಕೆಲವರು ಭಾವಿಸುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ಮರೆವು ಯಾವಾಗಲೂ ಅನ್ಯಾಯ ಮಾಡಿದವನಿಗೇ ಹೆಚ್ಚು ಅನುಕೂಲ. ಅಜಲನ್ನು ಬರೆದಿಡಬೇಕು, ಶಾಲೆಯಲ್ಲಿ ಹೇಳಬೇಕು. ಯಾರ ಮೈಯಲ್ಲಿಯೂ ಅದನ್ನು ಮತ್ತೆ ಆಡಿಸಬಾರದು, ನಾಟಕದ ನೆಪದಲ್ಲಿ ಕೂಡ. ವಸ್ತುಸಂಗ್ರಹಾಲಯಗಳು ನಿಜವಾಗಿ ಮಾಡಬಹುದಾದ ಕೆಲಸ ಇಲ್ಲಿದೆ. ಚೆಂದದ ಕಂಬದ ಪಕ್ಕದಲ್ಲಿ, ಈ ಕಂಬದಿಂದ ಎಷ್ಟು ಮಾರು ದೂರದಲ್ಲಿ ಯಾರು ನಿಲ್ಲಬೇಕಾಗಿತ್ತೆಂದು ಒಂದು ಸಾಲು ಬರೆದರೆ ಕಂಬದ ಸೌಂದರ್ಯಕ್ಕೆ ಕುಂದು ಬರುವುದಿಲ್ಲ.

ಕೊರಗ ತನಿಯನ ಪಾಡ್ದನವನ್ನು ತುಳುನಾಡಿನಲ್ಲಿ ಅರಿಯದವರಿಲ್ಲ. ಏಳು ಜನ ಹೊರುವ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನದವರೆಗೆ ಬಂದವನಿಗೆ ಒಳಗೆ ಕಾಲಿಡಲು ಅವಕಾಶವಿರಲಿಲ್ಲ. ಅಲ್ಲಿಯೇ ಅವನು ಮಾಯವಾದನೆಂದು ಕಥೆ. ಇಂದು ಕೊರಗಜ್ಜನೆಂದು ಎಲ್ಲ ಜಾತಿಯವರೂ ಅವನಿಗೆ ಚಕ್ಕುಲಿ, ವೀಳ್ಯ ಇಡುತ್ತಾರೆ. ಬೇರೆಯವರ ನಂಬಿಕೆಯನ್ನು ತೂಗುವುದು ನನ್ನ ಕೆಲಸವಲ್ಲ. ಆದರೆ ಸತ್ತ ಕೊರಗನನ್ನು ಅಜ್ಜ ಎನ್ನುವುದು, ಬದುಕಿರುವ ಕೊರಗನ ಮುಂದೆ ಊಟದ ಎಲೆ ಹಾಕುವುದಕ್ಕಿಂತ ಬಹಳ ಸುಲಭವೆಂಬುದನ್ನು ಆ ನಂಬಿಕೆಯ ವಿಚಾರವಂತರೇ ಹೇಳಿದ್ದಾರೆ. ನಮ್ಮಲ್ಲಿ ಮಾತ್ರ ಇದು ಬೇರೆಯಾಗಿತ್ತೇ? ನಿಮ್ಮ ಮನೆಯ ಹಿರಿಯರನ್ನು ಕೇಳಿ. ಬುಟ್ಟಿ ತಂದ ಕೊರಗಳು ನಮ್ಮ ಹಿರಿಯರ ಅಂಗಳದಲ್ಲಿ ಎಲ್ಲಿ ನಿಲ್ಲುತ್ತಿದ್ದಳು, ಅವಳ ಗಂಜಿಯನ್ನು ಯಾವ ಪಾತ್ರೆಯಲ್ಲಿ ಹಾಕುತ್ತಿದ್ದರು, ಆ ಪಾತ್ರೆಯನ್ನು ಎಲ್ಲಿ ಮಗುಚಿ ಇಡುತ್ತಿದ್ದರು? ಮೋಂತಿ ಹಬ್ಬಕ್ಕೆ ತೆನೆ ತರುವ ಬುಟ್ಟಿ, ಅನ್ನ ಬಸಿಯುವ ಕುಡುಪು, ಮದುವೆಯ ಅಡುಗೆಗೆ ಬೇಕಾದ ಹೆಡಿಗೆ ಇವುಗಳಲ್ಲಿ ಎಷ್ಟೋ ಅವಳ ಕೈಯ ಹೆಣಿಗೆಯಾಗಿದ್ದವು. ಅವಿಲ್ಲದೆ ನಮ್ಮ ಹಬ್ಬ ನಡೆಯುತ್ತಿರಲಿಲ್ಲ. ನಮ್ಮ ಪರಂಪರೆ ಎಂದು ನಾವು ಹೇಳುವುದರಲ್ಲಿ ಅವಳ ಪಾಲು ಎಷ್ಟು?

ಮನುಷ್ಯ ಮನುಷ್ಯನಾಗಿ ಪೂರ್ಣಗೊಳ್ಳುವುದು ಸಂಸ್ಕೃತಿಯ ಮೂಲಕವೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಗಾವ್ದಿಯುಮ್ ಎತ್ ಸ್ಪೆಸ್ ದಾಖಲೆಯಲ್ಲಿ ಹೇಳಿದೆ. ಸಂಸ್ಕೃತಿ ಮನುಷ್ಯನಿಗೆ ಬೇಕಾದುದು ಅನ್ನದಷ್ಟೇ ಅವಶ್ಯವಾಗಿ ಎಂದರ್ಥ. ಆದುದರಿಂದ ‘ಬಡವರಿಗೆ ಮೊದಲು ಹೊಟ್ಟೆಗೆ ಕೊಡಿ, ಸಂಸ್ಕೃತಿ ಆಮೇಲೆ’ ಎಂಬುದೂ ಪೂರ್ತಿ ಸರಿಯಲ್ಲ. ಇನ್ನೊಂದು ಕಡೆ, ಕೊರಗರ ಮಕ್ಕಳು ಕಾಂಕ್ರೀಟಿನ ಮನೆ, ಕಾಲೇಜು, ಬ್ಯಾಂಕಿನ ಕೆಲಸ ಬಯಸಿದರೆ ‘ಅಯ್ಯೋ, ಬುಟ್ಟಿ ಹೆಣೆಯುವ ಕಲೆ ಹೋಯಿತು’ ಎಂದು ನಾವು ಕೊರಗುವುದರಲ್ಲಿ ಒಂದು ಕ್ರೌರ್ಯವಿದೆ. ನಮ್ಮ ಮಕ್ಕಳನ್ನು ಕೊಲ್ಲಿ ರಾಷ್ಟ್ರಗಳಿಗೆ ಕಳುಹಿಸಿದ ನಾವು, ಹಂಚಿನ ಮನೆಯನ್ನು ಕೆಡವಿ ತಾರಸಿ ಹಾಕಿಸಿದ ನಾವು, ನಮ್ಮ ಕಣ್ಣಿನ ಸಂತೋಷಕ್ಕಾಗಿ ಬೇರೊಬ್ಬರು ಸೊಪ್ಪಿನ ಕೊಪ್ಪದಲ್ಲಿಯೇ ಇರಬೇಕೆಂದು ಬಯಸುವುದು ಯಾವ ನ್ಯಾಯ? ಅವರು ಬಿಟ್ಟರೆ ಆ ಕಲೆ ಹೋಗಬಹುದು. ಅದು ನಷ್ಟವೇ. ಆದರೆ ಆ ನಷ್ಟವನ್ನು ತಡೆಯುವ ನ್ಯಾಯವಾದ ದಾರಿ ಒಂದೇ: ಬುಟ್ಟಿಗೆ ಅದರ ಶ್ರಮಕ್ಕೆ ತಕ್ಕ ಬೆಲೆ ಕೊಡುವುದು. ಉಡುಪಿಯ ರಥಬೀದಿಯಲ್ಲೋ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಯಲ್ಲೋ ಬುಟ್ಟಿಗೆ ಚೌಕಾಶಿ ಮಾಡಿ ಹತ್ತು ರೂಪಾಯಿ ಇಳಿಸಿಕೊಂಡು, ಮನೆಗೆ ಬಂದು ಗೃಹಕೈಗಾರಿಕೆಗಳು ನಶಿಸುತ್ತಿವೆ ಎಂದು ಮಾತನಾಡುವವರನ್ನು ನಾವೆಲ್ಲ ಬಲ್ಲೆವು.

ಬ್ಲ್ಯಾಕ್‌ಫುಟ್ ಜನರು ಕೇಳಿದ್ದು ಸಂಗ್ರಹಾಲಯವನ್ನು ಮಾತ್ರವಲ್ಲ. 2014ರಲ್ಲಿ ಅವರೂ ನೆರೆಯ ಇತರ ಬುಡಕಟ್ಟುಗಳೂ ಸೇರಿ ಬೈಸನ್ ಒಪ್ಪಂದವೊಂದಕ್ಕೆ ಸಹಿ ಹಾಕಿದರು. ಆ ಪ್ರಾಣಿ ಮತ್ತೆ ಹುಲ್ಲುಗಾವಲಿನಲ್ಲಿ ತಿರುಗಾಡಬೇಕು ಎಂಬುದು ಅದರ ಉದ್ದೇಶ. ಎಲುಬಿನ ರಾಶಿಯನ್ನು ಕಾಯುವುದರಿಂದ ಅವರಿಗೆ ತೃಪ್ತಿಯಾಗಲಿಲ್ಲ. ಕೊರಗರು ಕೇಳಿದ್ದೂ ಅಂತಹುದನ್ನೇ. ಡಾ. ಮಹಮ್ಮದ್ ಪೀರ್ ವರದಿ 1994ರಲ್ಲಿ ಪ್ರತಿಯೊಂದು ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿತು. ಮೂವತ್ತು ವರ್ಷಗಳಿಗೂ ಮೇಲೆ ಆಯಿತು. ಅದನ್ನು ಪೂರ್ತಿಯಾಗಿ ಜಾರಿಗೆ ತನ್ನಿ ಎಂದು ಅವರ ಒಕ್ಕೂಟ ಮತ್ತೆ ಮತ್ತೆ ಧರಣಿ ಕೂರಬೇಕಾಗಿದೆ. ಬುಟ್ಟಿಗೆ ಬಳ್ಳಿ ಬೇಕು, ಬಳ್ಳಿಗೆ ಕಾಡು ಬೇಕು, ಕಾಡಿಗೆ ಹೋಗಲು ಅನುಮತಿ ಬೇಕು. ಆಗಸ್ಟ್ 15ರ ಸ್ವರ್ಗಾರೋಹಣದ ಹಬ್ಬ ಮುಗಿದು ಸೆಪ್ಟೆಂಬರ್ 8ರ ಮೋಂತಿ ಹಬ್ಬಕ್ಕೆ ನಾವು ಹೂ ಹುಡುಕುತ್ತಿರುವ ನಡುವಿನ ದಿನಗಳಲ್ಲಿ ಅವರ ಭೂಮಿ ಹಬ್ಬ ಬರುತ್ತದೆ. ಅದು ಎಲ್ಲಿ ನಡೆಯುತ್ತದೆಂದು ನಿಮ್ಮ ಊರಿನ ಕೊರಗ ಕಾಲನಿಯಲ್ಲಿ ಕೇಳಿದರೆ ಹೇಳುತ್ತಾರೆ.